ಸ್ಪಷ್ಟನೆ: ತಲೆ ನೋಡಿ ‘ಪಿಟ್‌ಬುಲ್’ ಅನ್ನಲಾಗದು

‘ನಾಯಿಗೆ ಅಗಲ ತಲೆ, ಗಿಡ್ಡ ಕೂದಲು ಇದ್ದರೆ ಅದು ಪಿಟ್‌ಬುಲ್ಲೇ, ಕಚ್ಚಿದರೆ ದವಡೆ ಲಾಕ್ ಆಗಿಬಿಡುತ್ತದೆ’ ಎಂಬ ಸಂದೇಶ ಹರಿದಾಡುತ್ತಿದೆ. (ಪಿಟ್‌ಬುಲ್ ಎಂದರೆ ಗಟ್ಟಿ ಮೈಕಟ್ಟಿನ ಕೆಲವು ನಾಯಿ ತಳಿಗಳಿಗೆ ಒಟ್ಟಾಗಿ ಇರುವ ಹೆಸರು.) ಎರಡೂ ತಪ್ಪು. ಲಾಕ್ ಆಗುವ ದವಡೆ ಯಾವ ನಾಯಿಗೂ ಇಲ್ಲ.

ಇನ್ನು ಗುರುತಿನ ಮಾತು. ಅಮೆರಿಕದ ಫ್ಲಾರಿಡಾದಲ್ಲಿ ನಾಯಿಗಳ ಆಶ್ರಯತಾಣದ ಸಿಬ್ಬಂದಿಗೆ 120 ನಾಯಿಗಳ ತಳಿ ಕೇಳಿ, ಡಿಎನ್‌ಎ ಪರೀಕ್ಷೆಯೊಂದಿಗೆ ತಾಳೆ ನೋಡಿದರು. ಒಬ್ಬರಾದರೂ ‘ಪಿಟ್‌ಬುಲ್ ಬಗೆ’ ಎಂದದ್ದು 62 ನಾಯಿಗಳಿಗೆ. ಡಿಎನ್‌ಎಯಲ್ಲಿ ಆ ಅಂಶ ಸಿಕ್ಕಿದ್ದು ಒಟ್ಟು 120ರ ಪೈಕಿ 25ರಲ್ಲಿ ಮಾತ್ರ. ದಿನವಿಡೀ ನಾಯಿಗಳ ನಡುವೆಯೇ ಇರುವವರ ಪಾಡಿದು (ಪಶುವೈದ್ಯರೂ ಅವರಲ್ಲಿದ್ದರು!). ಬಾಕ್ಸರ್ ಎಂಬ ಬೇರೆ ತಳಿಯ ಬೆರಕೆ ಮರಿಗೂ ಅದೇ ಚೌಕ ಮೂತಿ ಬರಬಹುದು.

ದೊಡ್ಡ ನಾಯಿ ಕಚ್ಚಿದರೆ ಗಾಯ ಆಳವೇ, ಅದರಲ್ಲಿ ತಕರಾರಿಲ್ಲ. ಆದರೆ 2022ರಲ್ಲಿ ‘ಸೈನ್ಸ್’ ಪತ್ರಿಕೆ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಯಿಗಳ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ 9.