ಅಖಾಡದಲ್ಲಿ ಏರಿದ್ದು ಗಂಟೆಯ ಮಾತು, ತೂಕ ಇಳಿಸುವಾಗ ಕಳೆದದ್ದು ತಿಂಗಳ ಮಾತು

"ಬಾಕ್ಸಿಂಗ್ ಮಾಡಿದ್ರೆ ಟೆಸ್ಟೋಸ್ಟೆರಾನ್ ಜಾಸ್ತಿಯಾಗುತ್ತೆ" ಅಂತ ಹುಡುಗರಿಗೆ ಹೇಳುವ ಕೋಚ್‌ಗಳಿದ್ದಾರೆ. ಇದು ಅರ್ಧ ನಿಜ. ಕುಸ್ತಿಯಿರಲಿ, ಜೂಡೋ ಇರಲಿ, ಪಂದ್ಯಕ್ಕೆ ಇಳಿಯುವ ಮುಂಚೆಯೇ ಒತ್ತಡದ ಹಾರ್ಮೋನುಗಳಾದ ಅಡ್ರಿನಲಿನ್, ಕಾರ್ಟಿಸಾಲ್ ಏರಲು ಶುರುವಾಗುತ್ತವೆ. ಮುಗಿದ ಕೂಡಲೇ ರಕ್ತ ತೆಗೆದರೆ ಟೆಸ್ಟೋಸ್ಟೆರಾನ್ ಕೂಡ ಹೆಚ್ಚಿರುವುದುಂಟು. ಆದರೆ ಅದರಲ್ಲಿ ಒಂದು ಪಾಲು ಬರೀ ಲೆಕ್ಕದ ಏರಿಕೆ: ಜೋರು ಸೆಣಸಾಟದಲ್ಲಿ ರಕ್ತದ ನೀರಿನಂಶ ಹೊರಗೆ ಸರಿದು ರಕ್ತ ಮಂದವಾಗುತ್ತದೆ, ಹಾರ್ಮೋನ್ ಅಷ್ಟೇ ಇದ್ದರೂ ಅಂಕಿ ದೊಡ್ಡದಾಗಿ ಕಾಣುತ್ತದೆ. ಒಂದೆರಡು ಗಂಟೆಯಲ್ಲಿ ಎಲ್ಲ ಮೊದಲಿನಂತೆ, ಕೆಲವೊಮ್ಮೆ ಮೊದಲಿಗಿಂತ ಕೆಳಗೆ. ಇಷ್ಟರಿಂದ ಸ್ನಾಯು ಬೆಳೆಯುವುದಿಲ್ಲ.

ಹಾರ್ಮೋನುಗಳಿಗೆ ನಿಜವಾದ ಪೆಟ್ಟು ಬೀಳುವುದು ಪಂದ್ಯದ ತೂಕದ ವರ್ಗಕ್ಕೆ ಹೊಂದಲು ತೂಕ ಇಳಿಸುವಾಗ.

ಒಂದು ಲೆಕ್ಕ ನೋಡಿ. 70 ಕಿಲೋ ತೂಗುವ ಕ್ರೀಡಾಪಟುವಿನಲ್ಲಿ ಕೊಬ್ಬು ಬಿಟ್ಟು ಸುಮಾರು 60 ಕಿಲೋ ಎಂದಿಟ್ಟುಕೊಳ್ಳಿ. ತಾಲೀಮಿಗೆ ದಿನಕ್ಕೆ 700 ಕ್ಯಾಲೊರಿ ಖರ್ಚು, ತಿನ್ನುವುದು 1500. ದೇಹದ ಉಳಿದೆಲ್ಲ ಕೆಲಸಕ್ಕೆ ಸಿಕ್ಕಿದ್ದು 800, ಅಂದರೆ ಕೊಬ್ಬು ಬಿಟ್ಟ ತೂಕದ ಕಿಲೋಗೆ ಸುಮಾರು 13. ಇದು 30ಕ್ಕಿಂತ ಕೆಳಗಿಳಿದರೆ ಅಪಾಯ ಎನ್ನುತ್ತಾರೆ. ಆ ಗಡಿ ಬಂದದ್ದು ಹೆಣ್ಣುಮಕ್ಕಳ ಮೇಲಿನ ಅಧ್ಯಯನಗಳಿಂದ, ಗಂಡಸರ ದೇಹ ಇನ್ನಷ್ಟು ಕೆಳಗಿನವರೆಗೂ ತಾಳಬಹುದು. ಆದರೂ ವಾರಗಟ್ಟಲೆ 13ರಲ್ಲಿ ನಡೆಸುವುದು ಯಾರಿಗೂ ಸುರಕ್ಷಿತವಲ್ಲ. ಕೊಬ್ಬಿನಿಂದ ಬರುವ ಲೆಪ್ಟಿನ್ ಹಾರ್ಮೋನ್ ಕುಸಿಯುತ್ತದೆ. ಮಿದುಳು ಅದನ್ನು ಬರಗಾಲವೆಂದೇ ಓದುತ್ತದೆ, ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯಿಂದ ಬಂದು ವೃಷಣ, ಅಂಡಾಶಯಗಳಿಗೆ ಕೆಲಸ ಹೇಳುವ ಹಾರ್ಮೋನ್ ಆದ ಎಲ್‌ಎಚ್ ತಗ್ಗುತ್ತದೆ, ಅದರ ಹಿಂದೆಯೇ ಟೆಸ್ಟೋಸ್ಟೆರಾನ್ ಅಥವಾ ಈಸ್ಟ್ರೋಜೆನ್ ಇಳಿಯುತ್ತದೆ. ಥೈರಾಯಿಡ್‌ನ ಟಿ3 ಹಾರ್ಮೋನ್ ಕೂಡ ಕಡಿಮೆಯಾಗಿ ಸದಾ ಚಳಿ, ಸುಸ್ತು. ಹುಡುಗಿಯರಲ್ಲಿ ಮೂರು ತಿಂಗಳು ಮುಟ್ಟು ನಿಂತರೆ "ಟ್ರೇನಿಂಗ್ ಜೋರಾಗಿದೆ ಅಷ್ಟೇ" ಅಂತ ದಯವಿಟ್ಟು ತಳ್ಳಿಹಾಕಬೇಡಿ. ಮೂಳೆ ಸವೆಯಲು ಅಷ್ಟು ಸಾಕು.

ಕೊನೆಯ ದಿನ ನೀರು ಬಿಟ್ಟು ಬೆವರಿಳಿಸುವುದಂತೂ ಬೇರೆಯೇ ಅಪಾಯ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸುತ್ತಲೇ ಸತ್ತರು.

ಹಾರ್ಮೋನ್ ಇಳಿಯಲು ಇನ್ನೊಂದು ಕಾರಣ ತಲೆಗೆ ಬೀಳುವ ಏಟು. ಪಿಟ್ಯುಟರಿ ಒಂದು ತೆಳುವಾದ ತೊಟ್ಟಿನಿಂದ ಮಿದುಳಿಗೆ ಜೋತುಬಿದ್ದಿರುವ ಗ್ರಂಥಿ. ಪದೇ ಪದೇ ತಲೆ ಅದುರಿದರೆ ಆ ತೊಟ್ಟಿಗೂ ಅದರ ರಕ್ತನಾಳಗಳಿಗೂ ಹಾನಿಯಾಗಬಹುದು. ಬಾಕ್ಸರ್‌ಗಳಲ್ಲಿ ಹೆಚ್ಚಾಗಿ ಕಂಡಿರುವುದು ಗ್ರೋತ್ ಹಾರ್ಮೋನ್ ಕೊರತೆ. ಸುಸ್ತು, ಹೊಟ್ಟೆಯ ಸುತ್ತ ಕೊಬ್ಬು, ಮಂಕು, ಹೀಗೆ ಲಕ್ಷಣಗಳು ಎಷ್ಟು ಸಾಮಾನ್ಯ ಅಂದರೆ, ಯಾರೂ ತಲೆಯ ಏಟನ್ನು ನೆನೆಯುವುದೇ ಇಲ್ಲ.

ಹಾರ್ಮೋನ್ ಪರೀಕ್ಷೆ ಮಾಡಿಸುವವರು ಬೆಳಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ, ಎರಡು ಬೇರೆ ಬೇರೆ ದಿನ ರಕ್ತ ಕೊಡಿ. ಹಿಂದಿನ ದಿನ ಸ್ಪಾರಿಂಗ್ (ಅಭ್ಯಾಸದ ಸೆಣಸಾಟ) ಬೇಡ. ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ಲ್ಯಾಬಿನವರಿಗೆ ಹೇಳಿ, ಕೆಲವು ಪರೀಕ್ಷೆಗಳ ಫಲಿತಾಂಶ ಅದರಿಂದ ಕೆಡುತ್ತದೆ. ಟೆಸ್ಟೋಸ್ಟೆರಾನ್ ಒಂದನ್ನೇ ನೋಡಿದರೆ ಏನೂ ತಿಳಿಯದು, ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್, ಟಿಎಸ್‌ಎಚ್, ಫ್ರೀ ಟಿ4, ಬೆಳಗಿನ ಕಾರ್ಟಿಸಾಲ್, ಐಜಿಎಫ್-1 (ಗ್ರೋತ್ ಹಾರ್ಮೋನ್ ಅಂದಾಜಿಸಲು) ಪರೀಕ್ಷೆಗಳೂ ಜೊತೆಗಿರಲಿ. ಟೆಸ್ಟೋಸ್ಟೆರಾನ್ ಕಡಿಮೆಯಿದ್ದೂ ಎಲ್‌ಎಚ್ ಏರಿಲ್ಲವೆಂದರೆ ತೊಂದರೆ ಮೇಲಿನಿಂದ, ಅಂದರೆ ಮಿದುಳು ಅಥವಾ ಪಿಟ್ಯುಟರಿಯಿಂದ: ಹಸಿವೋ, ಏಟೋ ಎಂದು ಎಂಡೋಕ್ರಿನಾಲಜಿಸ್ಟ್ (ಹಾರ್ಮೋನ್ ತಜ್ಞರು) ಹುಡುಕಬೇಕು.

ಕಡಿಮೆ ಅಂಕಿ ಕಂಡು ಯಾರೋ ಹೇಳಿದರೆಂದು ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಳ್ಳಬೇಡಿ. ಕ್ರೀಡೆಯಲ್ಲಿ ಅದು ನಿಷೇಧಿತ ಔಷಧ, ವೀರ್ಯಾಣುಗಳನ್ನೂ ತಗ್ಗಿಸುತ್ತದೆ. ಜೊತೆಗೆ ಎಲ್‌ಎಚ್ ಅನ್ನು ತಾನೇ ಅದುಮಿಬಿಡುವುದರಿಂದ, ಮೊದಲು ಟೆಸ್ಟೋಸ್ಟೆರಾನ್ ಯಾಕೆ ಇಳಿದಿತ್ತು ಅನ್ನುವುದು ಆಮೇಲೆ ರಕ್ತ ಕೊಟ್ಟರೂ ಗೊತ್ತಾಗುವುದಿಲ್ಲ.