ಸತ್ಯಾಂಶ: ಬೇಪೂರಿನ ಉರುವಿಗೆ ಮೊಳೆಯೇ ಇಲ್ವಾ?

ಕೇರಳದ ಬೇಪೂರಿನಲ್ಲಿ ಒಂದೂ ಮೊಳೆ ಹೊಡೆಯದೆ ಮರದ ಹಡಗು ಅಂದ್ರೆ ಉರು ಕಟ್ಟುತ್ತಾರೆ ಅನ್ನೋ ಫಾರ್ವರ್ಡ್ ನಿಮಗೂ ಬಂದಿರಬೇಕು. ಅದು ಹಳೇ ಕಾಲದ ಮಾತು. ಆಗ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು. ಈಗ ಕಬ್ಬಿಣದ ಮೊಳೆ ಬೇಕೇ ಬೇಕು. ಹಲಗೆಗಳ ಸಂದಿಗೆ ಹತ್ತಿ ತುರುಕಿ, ಉಳಿ ಇಟ್ಟು ಬಡಿದು ಬಡಿದು ನೀರು ನುಗ್ಗದಂತೆ ಮಾಡುತ್ತಾರೆ, ತಾಳ್ಮೆಯ ಕೆಲಸ ಅದು. ನಿಜಕ್ಕೂ ಬೆರಗಾಗಬೇಕಾದ್ದು ಬೇರೆ ಇದೆ: ಕಾಗದದ ನಕ್ಷೆ ಇಲ್ಲದೆ, ಅಳತೆಯೆಲ್ಲ ಮೇಸ್ತ್ರಿಯ ತಲೆಯಲ್ಲೇ ಇಟ್ಟುಕೊಂಡು ಕಟ್ಟುತ್ತಾ ಬಂದ ಪದ್ಧತಿ. ನೀರಿಗಿಳಿಸೋದು ಖಲಾಸಿಗಳು, ಅಂದ್ರೆ ಹಡಗು ಎಳೆಯೋ ಸಾಂಪ್ರದಾಯಿಕ ಕೆಲಸಗಾರರು; ಅದೂ ಹಗ್ಗ, ರಾಟೆ, ಮರದ ದಿಮ್ಮಿಗಳ ಬಲದಿಂದ. ಹೊಲಿದ ಹಡಗೇ ಬೇಕು ಅಂದ್ರೆ ಐಎನ್‌ಎಸ್‌ವಿ ಕೌಂಡಿನ್ಯ ಇದೆ ನೋಡಿ. ಕೇರಳದ ಕುಶಲಕರ್ಮಿಗಳು ಹೊಲಿದ ಅದು ನೌಕಾಪಡೆಗೆ ಸೇರಿದ್ದು ನಮ್ಮ ಕಾರವಾರದಲ್ಲೇ, 2025ರ ಮೇ ತಿಂಗಳಲ್ಲಿ.