ಗುಲಾಮ ತಂದ ಪಾಯಿಂಟು

ಬ್ರಿಜ್ ಮೇಜಿಗೆ ಎದುರಾಳಿಯಾಗಿ ಬಂದವರು ಹೆಸರು ಹೇಳಲಿಲ್ಲ, ಅಂಕ ಹೇಳಿದರು. ಎರಡು ಸಾವಿರದ ನೂರು ಮಾಸ್ಟರ್ ಪಾಯಿಂಟು, ಪಂದ್ಯದಲ್ಲಿ ಮೇಲಿನ ಸ್ಥಾನ ಬಂದಾಗ ಖಾತೆಗೆ ಸೇರುವ ಅಂಕ. ಆಮೇಲೆ ಕುರ್ಚಿ ಎಳೆದುಕೊಂಡರು. ನಾನಿನ್ನೂ ಬೋರ್ಡಿನಿಂದ (ಹಂಚಿದ ಎಲೆ ಇಟ್ಟ ತಟ್ಟೆಯಿಂದ) ಎಲೆ ತೆಗೆದಿರಲಿಲ್ಲ, ಆಗಲೇ ಒಂದು ಟ್ರಿಕ್, ನಾಲ್ವರೂ ಒಂದೊಂದು ಎಲೆ ಹಾಕುವ ಒಂದು ಸುತ್ತು, ಸೋತ ಹಾಗಾಯಿತು.

ಹದಿನೈದು ನಿಮಿಷದೊಳಗೆ ಅವರು ಸುಲಭದ ಮೂರು ನೋಟ್ರಂಪ್, ಅಂದರೆ ತುರುಪಿಲ್ಲದೆ ಒಂಬತ್ತು ಟ್ರಿಕ್ ಹಿಡಿಯುವ ಪಣ, ಮುಳುಗಿಸಿದರು. ಹೊರಗೆ ಎಷ್ಟು ಡೈಮಂಡ್ ಉಳಿದಿದೆ ಅಂತಲೇ ಎಣಿಸಿರಲಿಲ್ಲ. ಹದಿಮೂರು ಎಲೆ ಎಣಿಸದವರು ಎರಡು ಸಾವಿರದ ನೂರನ್ನು ಅದು ಹೇಗೆ ಎಣಿಸಿಟ್ಟುಕೊಂಡರೋ! ಅಷ್ಟಕ್ಕೇ ಬಿಡಲಿಲ್ಲ. ಡಮ್ಮಿಯಾಗಿ ಕೂತಿದ್ದ ತಮ್ಮ ಜೊತೆಗಾರ್ತಿಗೆ ಪಾಠ ಶುರು ಮಾಡಿದರು. ಡಮ್ಮಿಯ ಎಲೆಗಳನ್ನೂ ಆಡುವುದು ಜೊತೆಗಾರರೇ; ಡಮ್ಮಿ ಪಾಪ, ಎಲೆ ಹರಡಿ ಸುಮ್ನೆ ಕೂತಿತ್ತು. ಅದಕ್ಕೂ ಬೈಗುಳ.

ಈ ಪಾಯಿಂಟು ಇದೆಯಲ್ಲ, ಇದು ವಯಸ್ಸಿನ ಜಾತಿಯದು. ಏರುತ್ತದೆ, ಇಳಿಯುವುದಿಲ್ಲ. ಚೆಸ್ಸಿನವರಿಗೆ ಎಲೊ ರೇಟಿಂಗ್ ಇದೆ, ತಮಗಿಂತ ಕಡಿಮೆ ರೇಟಿಂಗಿನವರ ಕೈಲಿ ಸೋತರೆ ಚೆನ್ನಾಗಿಯೇ ಕರಗುತ್ತದೆ. ನಮ್ಮಲ್ಲಿ ವಾರಕ್ಕೆ ಮೂರು ದಿನ ಕೊನೆಯ ಸ್ಥಾನ ಬಂದು ನಾಲ್ಕನೇ ದಿನ ಎರಡನೆಯವರಾದರೆ, ಆ ನಾಲ್ಕನೇ ದಿನ ಮಾತ್ರ ಖಾತೆಗೆ ಹೋಗುತ್ತದೆ. ಅಮೆರಿಕದಲ್ಲಿ 1936ರಲ್ಲಿ ಡೇವಿಡ್ ಬ್ರೂಸ್ ಮೊದಲ ಲೈಫ್ ಮಾಸ್ಟರ್ ಆದರು. ಆ ಪದವಿಗೆ ಬಹಳ ಕಾಲ 300 ಪಾಯಿಂಟು ಸಾಕಿತ್ತು. 2010ರಿಂದ ಹೊಸದಾಗಿ ಸೇರುವವರಿಗೆ 500 ಮಾಡಿದರು. ಅದರಲ್ಲೂ ಕಪ್ಪು, ಬೆಳ್ಳಿ, ಕೆಂಪು, ಚಿನ್ನ ಅಂತ ಬಣ್ಣ ಬೇರೆ.

ನನ್ನ ಖಾತೆಯಲ್ಲೂ ಒಂದಿಷ್ಟಿವೆ. ಅದರಲ್ಲಿ 0.38 ಬಂದ ಬಗೆಯನ್ನು ಹೇಳಲೇಬೇಕು.

ನಾಲ್ಕು ಇಸ್ಪೀಟು ಆಡುತ್ತಿದ್ದೆ, ಅಂದರೆ ಇಸ್ಪೀಟು ತುರುಪು, ಹತ್ತು ಟ್ರಿಕ್ ಹಿಡಿಯಬೇಕು. ಎರಡೂ ಕೈ ಸೇರಿ ತುರುಪು ಒಂಬತ್ತು, ರಾಣಿ ಹೊರಗೆ. ಎಂಟಿದ್ದರೆ ಫಿನೆಸ್ ಮಾಡು (ರಾಣಿ ನಿನಗಿಂತ ಮೊದಲು ಆಡುವವರ ಕೈಲಿದೆ ಅಂತ ನಂಬಿ ಗುಲಾಮ ಆಡು), ಒಂಬತ್ತಿದ್ದರೆ ರಾಣಿ ಬೀಳಲಿ ಅಂತ ಎಕ್ಕ ರಾಜ ಎರಡನ್ನೂ ಬಡಿ ಅನ್ನುವುದು ಆಟ ಕಲಿತ ಮೊದಲ ತಿಂಗಳಲ್ಲೇ ಕಿವಿಗೆ ಬೀಳುವ ಮಾತು. ಡಮ್ಮಿಯ ಎಕ್ಕ ಆಡಿದೆ. ಇಬ್ಬರೂ ಸಣ್ಣದು ಹಾಕಿದರು. ಡಮ್ಮಿಯಿಂದ ಮತ್ತೊಂದು ಸಣ್ಣದು, ಬಲಗಡೆಯವರೂ ಸಣ್ಣದು. ಈಗ ನನ್ನ ಕೈಯಿಂದ ರಾಜ ಬರಬೇಕು. ಲೆಕ್ಕ ಹಾಕಿದರೆ ಅದು ನೂರಕ್ಕೆ ಸುಮಾರು 52, ಫಿನೆಸ್ 48. ಕೂದಲೆಳೆಯ ಅಂತರ, ಆದರೂ ಅಂತರವೇ. ಕನ್ನಡಕ ಹಣೆಯ ಮೇಲಿತ್ತು. ಗತ್ತಿನಿಂದ ಎಲೆ ಎಳೆದು ಮೇಜಿನ ಮೇಲಿಟ್ಟೆ. ನೋಡಿದರೆ ಗುಲಾಮ!

ಮೇಜಿಗೆ ತಾಗಿದ ಎಲೆ ವಾಪಸ್ ಬರುವುದಿಲ್ಲ. ಮುಖ ಮಾತ್ರ ಕದಲಿಸಬಾರದು ಅಂತ ಕೂತೆ. ಎಡಗಡೆಯವರು ತಮ್ಮ ಎಲೆಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿ ಒಂದು ಕಳಾವರ್ ಬಿಸಾಕಿದರು. ಅವರ ಹತ್ತಿರ ತುರುಪೇ ಮುಗಿದಿತ್ತು. ರಾಣಿ ಇದ್ದದ್ದು ಬಲಗಡೆ. ಮುಂದಿನ ಸುತ್ತಿಗೆ ನನ್ನ ರಾಜನ ಕೆಳಗೆ ಬಿದ್ದಳು. ಇದೇ ಎಲೆಗಳನ್ನು ಆಡಿದ ಉಳಿದ ಮೇಜುಗಳಲ್ಲಿ ಬಲ್ಲವರೆಲ್ಲ ಸರಿಯಾಗಿ ರಾಜ ಆಡಿ, ಸರಿಯಾಗಿ ಒಂದು ಟ್ರಿಕ್ಕಿನಿಂದ ಸೋತಿದ್ದರು. ನಮಗೆ ಟಾಪ್, ಆ ಬೋರ್ಡಿನ ಅತಿ ಹೆಚ್ಚಿನ ಅಂಕ.

"ಹೇಗೆ ಗೊತ್ತಾಯ್ತು ಸಾರ್ ನಿಮಗೆ?" ಅಂತ ನನ್ನ ಜೊತೆಗಾರರು ಕಣ್ಣರಳಿಸಿ ಕೇಳಿದರು. "ಬಲಗಡೆಯವರು ಒಂದು ಕ್ಷಣ ತಡೆದರು ನೋಡಿ" ಎಂದೆ. ಹಸಿ ಸುಳ್ಳು. ಅವರು ತಡೆದೇ ಇರಲಿಲ್ಲ. ತಡೆದಿದ್ದರೂ ನನಗೆ ಕಾಣುತ್ತಿರಲಿಲ್ಲ. ಆ ಒಂದು ಬೋರ್ಡಿನ ಬಲದಿಂದ ಅಂದು ಎರಡನೇ ಸ್ಥಾನ, 0.38. ಮುಂದಿನ ಮೂರು ವಾರ ಆ ಜೊತೆಗಾರರು ನನ್ನ ಮೇಲೆ ಭಾರ ಹಾಕಿ ಸ್ಲಾಮಿನ ಮೇಲೆ ಸ್ಲಾಮ್ (ಹನ್ನೆರಡು ಅಥವಾ ಹದಿಮೂರೂ ಟ್ರಿಕ್ ಹಿಡಿಯುವ ಪಣ) ಕೂಗಿದರು. ನಾಲ್ಕೂ ಬಿದ್ದವು. ಬಿದ್ದ ಸ್ಲಾಮಿಗೆ ಖಾತೆಯಿಂದ ಪಾಯಿಂಟು ಕಳೆಯುವ ಪದ್ಧತಿ ಇಲ್ಲವಲ್ಲ, 0.38 ಹಾಗೇ ಇದೆ.

ಹಾಗಾದರೆ ಪಾಯಿಂಟೆಲ್ಲ ಬುರುಡೆಯೇ? ಅಷ್ಟು ಸಲೀಸಾಗಿ ಹೇಳಲಾಗುವುದಿಲ್ಲ, ಅದೇ ತಲೆನೋವು. ಅಮೆರಿಕದ ಆಟಗಾರ ಪಾಲ್ ಸೊಲೊವೇ 65 ಸಾವಿರಕ್ಕೂ ಜಾಸ್ತಿ ಪಾಯಿಂಟು ಗಳಿಸಿದ್ದರು. ಬ್ರಿಜ್ ತಂಡಗಳ ವಿಶ್ವ ಚಾಂಪಿಯನ್‌ಶಿಪ್ಪಾದ ಬರ್ಮುಡಾ ಬೌಲನ್ನೂ ಐದು ಸಲ ಗೆದ್ದರು. ಅಂಥವರ ಮುಂದೆ ಕನ್ನಡಕದ ಕಥೆ ಹೇಳಲು ನನಗೆ ಬಾಯಿ ಬರುವುದಿಲ್ಲ. ನನ್ನ ತಕರಾರು ಏನಿದ್ದರೂ ನಡುವಿನ ಗುಂಪಿನ ಬಗ್ಗೆ, ಅಂದರೆ ನಮ್ಮ ಬಗ್ಗೆ.

ಇಂಗ್ಲೆಂಡಿನವರು ಇನ್ನೊಂದು ದಾರಿ ಹಿಡಿದರು. ಈಚಿನ ಆಟಗಳನ್ನು ನೋಡಿ, ಜೊತೆಗಾರ ಎಂಥವನು, ಎದುರಾಳಿಗಳು ಎಂಥವರು ಅಂತ ತೂಗಿ, ಎರಡರಿಂದ ಎಕ್ಕದವರೆಗೆ ಎಲೆಯ ಹೆಸರಿನ ಗ್ರೇಡ್ ಕೊಡುತ್ತಾರೆ. ಕೆಟ್ಟದಾಗಿ ಆಡಿದರೆ ಅದು ಇಳಿಯುತ್ತದೆ. ಬೇಡ ಅನ್ನಿಸಿದರೆ ಬೇರೆಯವರಿಗೆ ಕಾಣದ ಹಾಗೆ ಮುಚ್ಚಿಡುವ ಅವಕಾಶವೂ ಇದೆ! ಏರುವ ಅಂಕವನ್ನು ಕುರ್ಚಿ ಎಳೆಯುವ ಮೊದಲೇ ಹೇಳುತ್ತೇವೆ, ಇಳಿಯುವ ಅಂಕಕ್ಕೆ ಪರದೆ. ನನಗೆ ಕೊಟ್ಟಿದ್ದರೆ ನಾನು ಡಬಲ್ ಪರದೆ ಹಾಕುತ್ತಿದ್ದೆ, ಬಿಡಿ.

ಅವತ್ತು ಫಲಿತಾಂಶ ಬಂದಾಗ ಎರಡು ಸಾವಿರದ ನೂರರವರು ಮೂರನೆಯವರಾಗಿದ್ದರು. ನಾವು ಒಂಬತ್ತನೆಯವರು. ಅವರಿಗೆ ಎಷ್ಟು ಸಿಕ್ಕಿತು ಅಂತ ನಾನು ಕೇಳಲಿಲ್ಲ. ಅವರೇ ಹೇಳಿದರು.